ಅಡುಗೆಮನೆಯ ಕಸವನ್ನು ಪಾತಿಯಲ್ಲೇ ಹೂಳುವ ಕ್ರಮ: ನನ್ನ ಅನುಭವ

ಕಾಂಪೋಸ್ಟ್ ತೊಟ್ಟಿಯ ಸಹವಾಸ ಬಿಟ್ಟ ಮೇಲೆ ನಾನು ತರಕಾರಿ ಸಿಪ್ಪೆ, ಹಣ್ಣಿನ ತೊಗಟೆ, ಸೋಸಿ ಉಳಿದ ಚಹಾಪುಡಿ ಮುಂತಾದವನ್ನು ನೇರವಾಗಿ ಕೈತೋಟದ ಮಣ್ಣಿನಲ್ಲೇ ಹೂಳುತ್ತಿದ್ದೇನೆ. ತೊಟ್ಟಿಯ ಗೊಬ್ಬರವನ್ನು ಆಗಾಗ ಮಗುಚಿ, ಒಣಗಿದರೆ ನೀರು ಚಿಮುಕಿಸಿ, ಕಳಿತ ಮೇಲೆ ಜರಡಿ ಹಿಡಿದು ಪಾತಿಗೆ ಹೊರಬೇಕು. ಹೂಳುವ ಕ್ರಮದಲ್ಲಿ ಗೊಬ್ಬರವು ಬೇಕಾದ ಜಾಗದಲ್ಲೇ ತಯಾರಾಗುವುದರಿಂದ ಗುಂಡಿ ತೋಡುವ ಶ್ರಮವೊಂದೇ ಉಳಿಯುತ್ತದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಳ. ಒಂದು ಅಡಿ ತೋಡಿ, ತಳದಲ್ಲಿ 3-4 ಅಂಗುಲ ದಪ್ಪಕ್ಕೆ ಕತ್ತರಿಸಿದ ಕಸವನ್ನು ಹರಡಿ, ಅದರೊಂದಿಗೆ ಒಂದಿಷ್ಟು ಮಣ್ಣು ಬೆರೆಸಿ, ಮೇಲೆ ಕನಿಷ್ಠ 8 ಅಂಗುಲ ಮಣ್ಣು ಮುಚ್ಚುತ್ತೇನೆ. ಮಣ್ಣಿನ ಪದರ ತೆಳುವಾದರೆ ನಾಯಿ, ಹೆಗ್ಗಣಗಳು ವಾಸನೆ ಹಿಡಿದು ಬಂದು ಕೆದಕುತ್ತವೆ. ಹಾಗೆಂದು ಎರಡು ಅಡಿಗೆ ಇಳಿದರೂ ಪ್ರಯೋಜನವಿಲ್ಲ. ಎರೆಹುಳುಗಳೂ ಸೂಕ್ಷ್ಮಜೀವಿಗಳೂ ಹೆಚ್ಚಾಗಿರುವುದು ಮೇಲ್ಮಣ್ಣಿನಲ್ಲಿ, ಕೆಳಗೆ ಗಾಳಿಯಾಡದೆ ಕಳಿಯುವಿಕೆ ನಿಧಾನವಾಗುತ್ತದೆ. ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆಯ ಜಿಡ್ಡು ಇವನ್ನು ನಾನು ಹಾಕುವುದಿಲ್ಲ. ಆಳದಲ್ಲಿ ಹೂತರೆ ಇವೂ ಕಳಿಯುತ್ತವೆ ಎಂಬುದು ಸುಳ್ಳಲ್ಲ, ಆದರೆ ನಾಯಿಯ ಮೂಗಿನೊಡನೆ ಪಂದ್ಯ ಕಟ್ಟುವ ಉತ್ಸಾಹ ನನಗಿಲ್ಲ.

ಅಡುಗೆಮನೆಯ ಕಸದಲ್ಲಿ ನೀರಿನಂಶ ಹೆಚ್ಚು. ಜೇಡಿಮಣ್ಣಿನಲ್ಲಿ ಅದನ್ನೊಂದನ್ನೇ ಹೂತರೆ ಮುದ್ದೆಗಟ್ಟಿ ಕೊಳೆತು ನಾರುತ್ತದೆ. ಆದ್ದರಿಂದ ಒಣಗಿದ ತರಗೆಲೆಯನ್ನು ಪುಡಿಮಾಡಿ ಬೆರೆಸುವುದು ಒಳ್ಳೆಯದು. ಮರದ ಹೊಟ್ಟು, ಕಾಗದಗಳನ್ನು ಮಾತ್ರ ಧಾರಾಳವಾಗಿ ಸೇರಿಸಬಾರದು. ಇಂಗಾಲ ಅತಿಯಾದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಗಿಡದ ಎಲೆಗಳು ಹಳದಿಗಟ್ಟುತ್ತವೆ.

ಮಣ್ಣು ಬೆಚ್ಚಗೂ ತೇವವಾಗಿಯೂ ಇದ್ದರೆ ಮೆತ್ತನೆಯ ಸಿಪ್ಪೆಗಳು ಒಂದೆರಡು ತಿಂಗಳಲ್ಲೇ ಗುರುತು ಸಿಗದಂತಾಗುತ್ತವೆ. ಚಳಿಯಲ್ಲಿ ಇದಕ್ಕೆ ಹಲವು ತಿಂಗಳು ಹಿಡಿಯುತ್ತದೆ. ಹಳೆಯ ಗುಂಡಿಯನ್ನು ಕೆದಕಿದಾಗ ಮಣ್ಣು ಕಪ್ಪಗೆ, ಹುಡಿಹುಡಿಯಾಗಿ ಕೈಗೆ ಬರುತ್ತದೆ; ಅದರ ನಡುವೆ ಮೊಟ್ಟೆಯ ಚಿಪ್ಪಿನ ಬಿಳಿ ಚೂರುಗಳು, ಹಣ್ಣಿನ ಗೊರಟೆಗಳು ಹಾಗೆಯೇ ಉಳಿದಿರುತ್ತವೆ. ಕುಂಬಳ, ಟೊಮೆಟೊ ಬೀಜಗಳು ತಾವಾಗಿಯೇ ಮೊಳೆಯುವುದೂ ಉಂಟು. ಜಾಗವಿದ್ದರೆ ಬಿಡುತ್ತೇನೆ, ಇಲ್ಲವಾದರೆ ಕೀಳುತ್ತೇನೆ.

ಬೆಳೆದ ಗಿಡಗಳ ಬುಡದಲ್ಲಿ ತೋಡಿದರೆ ಬೇರು ಕಡಿಯುವುದರಿಂದ, ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಹೂತು, ಮುಂದಿನ ಬೆಳೆಯ ಸಾಲನ್ನು ಅಲ್ಲಿಗೆ ಸರಿಸುತ್ತೇನೆ. ಹೂತ ಜಾಗಕ್ಕೆ ಒಂದು ಕಡ್ಡಿ ನೆಡದಿದ್ದರೆ ಅರೆಬರೆ ಕಳಿತ ಕಸದ ಮೇಲೆಯೇ ಸನಿಕೆ ಬೀಳುತ್ತದೆ. ಕುಂಬಳ, ಸೋರೆಯಂತಹ ಬಳ್ಳಿಗಳಿಗೆ ಈ ಮಣ್ಣು ಚೆನ್ನಾಗಿ ಒಗ್ಗುತ್ತದೆ. ಕ್ಯಾರೆಟ್, ಮೂಲಂಗಿಗಳನ್ನು ಕಸ ಪೂರ್ತಿ ಕಳಿತ ಮೇಲೆಯೇ ಬಿತ್ತಬೇಕು, ಇಲ್ಲವಾದರೆ ಗೆಡ್ಡೆಗಳು ಕವಲೊಡೆಯುತ್ತವೆ. ಮಳೆಗೆ ನೆಲ ಕೆಸರಾಗಿರುವಾಗ ಅಗೆದರೆ ಮಣ್ಣು ಹೆಂಟೆಗಟ್ಟುವುದರಿಂದ, ಅಂಥ ದಿನಗಳಲ್ಲಿ ಕಸವನ್ನು ಮುಚ್ಚಳವಿರುವ ಬಕೆಟ್‌ನಲ್ಲಿ ತರಗೆಲೆಯೊಂದಿಗೆ ಪದರ ಪದರವಾಗಿ ಹಾಕಿಟ್ಟು, ನೆಲ ಆರಿದ ಮೇಲೆ ಹೂಳುತ್ತೇನೆ.