ನಲವತ್ತು ಈಸಿಂಗ್ ಎಸೆದು ಮೂರು ಉಳಿಸಿಕೊಂಡ ಕಥೆ

"ಬರೀ ಮೂರಾ? ಆಗೋ ಮಾತಾ ಇದು?" ಅಂತ ನಕ್ಕವರಲ್ಲಿ ಇಬ್ಬರು ಈಗ ಆ ಮೂರು ಈಸಿಂಗ್‌ಗಳ ಫೈಲನ್ನೇ ಇಸ್ಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಈಸಿಂಗ್ ಅಂದರೆ ಪರದೆಯ ಮೇಲಿನ ವಸ್ತು ಚಲಿಸುವಾಗ ವೇಗ ಹೇಗೆ ಏರಿಳಿಯಬೇಕು ಅನ್ನುವ ಲೆಕ್ಕ; ಅದರ ಗೆರೆಯೇ ಕರ್ವ್.

ಸಾಲ ಕೊಡುವ ಒಂದು ಕಂಪನಿಯ ನಾಲ್ಕು ವೆಬ್ ಆಪ್‌ಗಳಿಗೆ ಒಂದೇ ಡಿಸೈನ್ ಸಿಸ್ಟಮ್ (ಬಟನ್, ಬಣ್ಣ, ಚಲನೆಗೆಲ್ಲ ಒಂದೇ ನಿಯಮ) ಮಾಡುವ ಕೆಲಸ. ಮೋಷನ್, ಅಂದರೆ ಚಲನೆಯ ಭಾಗ ಮಾತ್ರ ನನ್ನದು. ಸುಮಾರು ಒಂದೂಮುಕ್ಕಾಲು ಲಕ್ಷಕ್ಕೆ ಒಪ್ಪಿಕೊಂಡಿದ್ದೆ. ಕೋಡ್ ಜಾಲಾಡಿದರೆ ನಲವತ್ತರ ಹತ್ತಿರ ಬೇರೆ ಬೇರೆ ಕ್ಯೂಬಿಕ್-ಬೆಜಿಯೆ (ನಾಲ್ಕು ಅಂಕಿಯಲ್ಲಿ ಈಸಿಂಗ್ ಬರೆಯುವ ರೀತಿ)! ಒಂದು ಆಪ್‌ನಲ್ಲಿ ಮೆಲ್ಲಗೆ ಜಾರುವ ಡ್ರಾಯರ್ (ಅಂಚಿನಿಂದ ಬರುವ ಫಲಕ) ಇನ್ನೊಂದರಲ್ಲಿ ಧೊಪ್ಪನೆ ಬಂದು ಬೀಳುತ್ತಿತ್ತು.

ಮೊದಲು ಮಾಡಿದ್ದು ಪೆದ್ದು ಕೆಲಸ. ವೆಬ್ ಅನಿಮೇಷನ್‌ಗೆ ಫ್ಲ್ಯಾಶ್ ಬಳಸುತ್ತಿದ್ದ ಕಾಲದ, ರಾಬರ್ಟ್ ಪೆನ್ನರ್ ಎಂಬ ಪ್ರೋಗ್ರಾಮರ್ ಬರೆದ ಈಸಿಂಗ್‌ಗಳಿವೆಯಲ್ಲ, ಆ 30ನ್ನೂ ಸಾಸ್ (ವೆಬ್ ಪುಟದ ಸ್ಟೈಲ್ ಬರೆಯುವ ಭಾಷೆ) ಹೆಲ್ಪರ್, ಅಂದರೆ ಹೆಸರು ಹೇಳಿ ಬಳಸುವ ರೆಡಿ ತುಣುಕು, ಮಾಡಿದೆ. ಬೌನ್ಸ್ (ಚೆಂಡಿನಂತೆ ಪುಟಿಯುವುದು), ಇಲಾಸ್ಟಿಕ್ (ರಬ್ಬರಿನಂತೆ ಎಳೆದು ಬಿಡುವುದು) ಎರಡೂ ಒಂದು ಬೆಜಿಯೆಯೊಳಗೆ ಕೂರುವುದಿಲ್ಲ. ಅವಕ್ಕೆ ಹಂತಹಂತವಾಗಿ ಚಲನೆ ಹೇಳುವ ಕೀಫ್ರೇಮ್ ಬರೆದು ಸಾಕಾಯಿತು. ಕೊನೆಗೆ ಯಾರೋ 'ಕಂತು ಕಟ್ಟಿ' ಬಟನ್‌ಗೇ ಬೌನ್ಸ್ ಹಾಕಿದರು. ಸಾಲ ತೀರಿಸೋನ ಮುಂದೆ ಬಟನ್ ಕುಣಿದರೆ ಹೇಗಿರುತ್ತೆ ಹೇಳಿ! ಎಲ್ಲ ಕಿತ್ತು ಹಾಕಿದೆ. ಹತ್ತು ಹನ್ನೆರಡು ದಿನದ ಕೂಲಿ ಹೋಯಿತು. ಅದನ್ನು ಬಿಲ್‌ಗೆ ಸೇರಿಸಲು ಮುಖವಿರಲಿಲ್ಲ.

ಆಮೇಲೆ ಕರ್ವ್ ಮತ್ತು ಟೈಮ್ ಎರಡನ್ನೂ ಕೇಳುವ ಒಂದು ಮಿಕ್ಸಿನ್ (ಅಂಕಿ ಕೊಟ್ಟರೆ ಕೋಡ್ ತುಂಬಿಕೊಡುವ ಸಾಸ್ ತುಣುಕು) ಬರೆದೆ. ಅವರವರಿಗೆ ತೋಚಿದ ಅಂಕಿ ತುರುಕಿದರು. ತಿಂಗಳೊಳಗೆ ಮತ್ತೆ ಹಳೇ ಸ್ಥಿತಿ.

ಮೂರನೇ ಸಲ ಕರ್ವ್ ಹೆಸರೇ ತೆಗೆದುಬಿಟ್ಟೆ. 'ಬರುವುದು', 'ಹೋಗುವುದು', 'ಸರಿಯುವುದು'. ಅಷ್ಟೇ ಹೆಲ್ಪರ್. ಟೈಮ್ ಕರ್ವ್‌ಗೇ ಅಂಟಿಕೊಂಡಿರುತ್ತದೆ, ಬಳಸುವವರಿಗೆ ಬದಲಿಸಲು ದಾರಿಯೇ ಇಲ್ಲ. ಬರುವುದಕ್ಕೆ (0, 0, 0.2, 1), ಹೋಗುವುದಕ್ಕೆ (0.4, 0, 1, 1), ಸರಿಯುವುದಕ್ಕೆ (0.4, 0, 0.2, 1). ಕರ್ವ್ ನನ್ನದಲ್ಲ, ಗೂಗಲ್‌ನ ಮಟೀರಿಯಲ್ ಡಿಸೈನ್‌ನ ಹಳೇ ಅಂಕಿಗಳು. ಟೈಮ್ ಮಾತ್ರ ನನ್ನದು: ಬರಲು 240 ಮಿಲಿಸೆಕೆಂಡ್ ಆಸುಪಾಸು, ಹೋಗಲು 160. ಹೋಗುವವರನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳಬಾರದು ಅಲ್ವಾ? ಸರಿಯುವುದಕ್ಕೆ ದೂರ ನೋಡಿ ಟೈಮ್ ತಾನಾಗೇ ಬದಲಾಗುತ್ತದೆ. ಆ ಲೆಕ್ಕ ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು.

ಅಲ್ಲಿನ ಡಿಸೈನರ್ ಮೇಡಂ "ಸಪ್ಪೆ" ಅಂದರು. ಏಳೆಂಟು ಸಾವಿರದ ಆಂಡ್ರಾಯ್ಡ್ ಫೋನ್ ಎರಡು ತಂದು, ಒಂದರಲ್ಲಿ ಹಳೇದು, ಇನ್ನೊಂದರಲ್ಲಿ ಹೊಸದು ಹಾಕಿದೆ. ಯಾವುದು ಯಾವುದು ಅಂತ ಹೇಳದೆ ಕೈಗೆ ಕೊಟ್ಟೆ. "ಈ ಫೋನ್ ಚೆನ್ನಾಗಿದೆ" ಅಂದರು, ಹೊಸದನ್ನು ಹಿಡಿದು. ಎರಡೂ ಒಂದೇ ಮಾಡೆಲ್ಲು!

ಆಮೇಲೂ ಎರಡು ಸಲ ಮುಗ್ಗರಿಸಿದೆ. ಒಂದು, ಟೋಕನ್ (ಅಂಕಿಗೆ ಇಟ್ಟ ವೇರಿಯಬಲ್) ಹೆಸರಲ್ಲಿ ಒಂದಕ್ಷರ ತಪ್ಪಾಗಿತ್ತು. ವೇರಿಯಬಲ್ ಸಿಗದಿದ್ದರೆ ಈಸಿಂಗ್ ಒಂದೇ ಹೋಗಿ ಉಳಿದದ್ದು ಓಡುತ್ತೆ ಅಂದುಕೊಂಡಿದ್ದೆ. ಇಲ್ಲ, ಚಲನೆ ಹೇಳುವ ಟ್ರಾನ್ಸಿಷನ್ ಇಡೀ ಸಾಲೇ ಸತ್ತುಹೋಗುತ್ತದೆ. ಎರರ್ರೂ ಇಲ್ಲ. ಎರಡು ದಿನ ಹುಡುಕಿದೆ. ಇನ್ನೊಂದು, ಅನಿಮೇಷನ್ ಬೇಡ ಅಂತ ಫೋನಲ್ಲೇ ಸೆಟ್ ಮಾಡಿಕೊಂಡವರಿಗಾಗಿ ಟೈಮ್ ಸೊನ್ನೆ ಮಾಡಿದೆ. ಮೋಡಲ್ (ಪುಟದ ಮೇಲೆ ತೆರೆಯುವ ಚಿಕ್ಕ ಕಿಟಕಿ) ಮುಚ್ಚುವುದೇ ನಿಂತಿತು! ಸೊನ್ನೆ ಇದ್ದರೆ ಟ್ರಾನ್ಸಿಷನ್ ಮುಗಿಯಿತು ಅನ್ನುವ ಇವೆಂಟೇ ಬರುವುದಿಲ್ಲ, ನಮ್ಮ ಕೋಡ್ ಅದಕ್ಕೇ ಕಾಯುತ್ತಿತ್ತು. ಈಗ 1 ಮಿಲಿಸೆಕೆಂಡ್ ಇಟ್ಟಿದ್ದೇನೆ.

ನಡುವೆ ಸುಮ್ನೆ ಇರಲಾರದೆ ಸ್ಪ್ರಿಂಗ್‌ನಂತೆ ತೂಗಾಡಿ ನಿಲ್ಲುವ ಚಲನೆಗೂ ಕೈ ಹಾಕಿದೆ. 2023ರ ಕೊನೆಗೆ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಪಾಯಿಂಟ್ ಕೊಟ್ಟು ಕರ್ವ್ ಬರೆಯುವ ಲೀನಿಯರ್ ಫಂಕ್ಷನ್ ಬಂತಲ್ಲ, ಅದಕ್ಕೆ ನಲವತ್ತು ಪಾಯಿಂಟ್ ತುಂಬಿದೆ. ಟಾಗಲ್ (ಆನ್-ಆಫ್ ಸ್ವಿಚ್) ಮೇಲೆ ಎಷ್ಟು ಚೆಂದ ಅಂತೀರಿ! ಆದರೆ ಆ ಉದ್ದದ ಸಾಲನ್ನು ಡೀಬಗ್ ಮಾಡುವವರಿಗೆ ತಲೆ ಕೆಡುತ್ತದೆ. ಪಾಯಿಂಟ್‌ಗಳನ್ನು ಹದಿನಾಲ್ಕಕ್ಕೆ ಇಳಿಸುವ ಉಪಾಯ ಸಿಕ್ಕಿದೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ. ಟಾಗಲ್ ಒಳಗೆ ಬಚ್ಚಿಟ್ಟಿದ್ದೇನೆ, ಹೆಲ್ಪರ್ ಆಗಿ ಹೊರಗೆ ಬಿಟ್ಟಿಲ್ಲ.

ಅದೇ ಕಂಪನಿ ಮತ್ತೆ ಅರವತ್ತು ಸಾವಿರದ ಕೆಲಸ ಕೊಟ್ಟಿತು. ಕಳೆದುಕೊಂಡ ಕೂಲಿ ಅಲ್ಲಿಗೆ ಹುಟ್ಟಿತು. ಈಗ ಚಾರ್ಟ್ ಮಾಡುವ ಹುಡುಗರು ನಾಲ್ಕನೆಯದು ಬೇಕು ಅಂತ ದುಂಬಾಲು ಬಿದ್ದಿದ್ದಾರೆ. ಕಾಫಿಗೆ ಬನ್ನಿ, ಮಾತಾಡೋಣ ಅಂದಿದ್ದೇನೆ. ಕಾಫಿ ಕುಡಿಸಿ ಕಳಿಸುತ್ತೇನೆ.