ಮಳೆ ನಿಂತ ಮರುದಿನ ಹೊಲದಲ್ಲಿ ನಾನು ಮಾಡುವ ಕೆಲಸ

ಚಳ್ಳಕೆರೆ ಸೀಮೆಯಲ್ಲಿ ನಮ್ಮದು 5 ಎಕರೆ ಕೆಂಪು ಮರಳು ಮಣ್ಣಿನ ಹೊಲ. ಶೇಂಗಾ ಮುಖ್ಯ ಬೆಳೆ. ಆಷಾಢದ ಪಡುವಣ ಗಾಳಿ ಎಂಥದ್ದೆಂದು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕಂಡವರಿಗೆ ಹೇಳಬೇಕಿಲ್ಲ.

ಮಳೆ ಬಂದರೆ ಮಣ್ಣು ಕೂತಿತು, ಇನ್ನು ಹಾರುವುದಿಲ್ಲ ಎಂದೇ ಬಹಳ ವರ್ಷ ನಂಬಿದ್ದೆ. ಆಗುವುದು ಬೇರೆ. ಬಿರುಸಿನ ಹನಿಗಳು ಹೆಂಟೆಗಳನ್ನು ಕರಗಿಸಿ ಹೊಲವನ್ನು ಕಣದಂತೆ ನುಣುಪು ಮಾಡುತ್ತವೆ. ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಅದರ ಮೇಲೆ ತೊಳೆದ ಸಣ್ಣ ಮರಳು ಸಡಿಲವಾಗಿ ಉಳಿಯುತ್ತದೆ. ಒಣಗಿದ ಕೂಡಲೇ ಆ ಮರಳು ಪುಟಿಯುತ್ತಾ ಹೊರಡುತ್ತದೆ, ಬಿದ್ದಲ್ಲೆಲ್ಲ ಇನ್ನಷ್ಟನ್ನು ಎಬ್ಬಿಸುತ್ತದೆ. ಒಂದು ವರ್ಷ 12 ದಿನದ ಶೇಂಗಾ ಸಸಿಗಳ ಎಲೆಗಳು ಒಂದೇ ಮಧ್ಯಾಹ್ನ ಮರಳಿನ ಹೊಡೆತಕ್ಕೆ ಹರಿದು ಕಂದಿದವು. ಮೂಡಣ ಬದುವಿನ ಬುಡದಲ್ಲಿ ಗೇಣೆತ್ತರ ಮಣ್ಣು ಗುಡ್ಡೆಬಿದ್ದಿತ್ತು. ಗಾಡಿಗಟ್ಟಲೆ ಗೊಬ್ಬರ ಹೊಡೆದು ಬೆಳೆಸಿದ ಮೇಲ್ಮಣ್ಣು ಅದು. ನೋಡಿ ಹೊಟ್ಟೆ ಉರಿಯಿತು.

ಈಗ ಮಳೆ ನಿಂತ ಮರುದಿನ ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡುತ್ತೇನೆ. ಉಂಡೆ ಹಾಗೇ ಕೂತರೆ ಇನ್ನೂ ಹಸಿ. ಪುಡಿಯಾದರೆ ತಡವಾಯಿತು. ಎರಡು ಮೂರು ಹೋಳಾದರೆ ಹದ. ನಮ್ಮ ಮಣ್ಣಿಗೆ ಆ ಹದ ಸಿಗುವುದು ಅರ್ಧ ದಿನ ಮಾತ್ರ, ಆದ್ದರಿಂದ ಟ್ರ್ಯಾಕ್ಟರಿನವರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಬಿತ್ತದ ಹೊಲಕ್ಕೆ ಕಲ್ಟಿವೇಟರ್ ಹಾಕಿ ತೆಂಕು ಬಡಗಾಗಿ, ಗಾಳಿಗೆ ಅಡ್ಡವಾಗಿ, ಸಾಲು ಎಬ್ಬಿಸುತ್ತೇನೆ. ಹೆಂಟೆಗಳು ಹಾಗೆಯೇ ಉಳಿಯಬೇಕು. ಹಾರುವ ಮರಳು ಸಾಲಿನ ತಗ್ಗಿನಲ್ಲಿ ಬಿದ್ದು ಅಲ್ಲೇ ನಿಲ್ಲುತ್ತದೆ. ನಮ್ಮ ಹೊಲದ ಇಳಿಜಾರು ಮೂಡಣಕ್ಕಿರುವುದರಿಂದ ಅದೇ ಸಾಲು ನೀರನ್ನೂ ತಡೆಯುತ್ತದೆ. ಇಳಿಜಾರು ಬೇರೆ ದಿಕ್ಕಿಗಿದ್ದವರು ಮೊದಲು ನೀರಿನ ದಾರಿ ನೋಡಿಕೊಳ್ಳಬೇಕು.

ರೋಟವೇಟರ್ ಮಾತ್ರ ಬೇಡ. ಮಣ್ಣನ್ನು ಹಿಟ್ಟು ಮಾಡಿ ಗಾಳಿಯ ಕೈಗೆ ಕೊಟ್ಟಂತೆ.

ಪೈರಿದ್ದರೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಪದರವನ್ನಷ್ಟೇ ಒಡೆಯುತ್ತೇನೆ. ತೇವ ಹಾರಿಹೋಗುತ್ತದೆ ಎಂದು ಮನೆಯಲ್ಲಿ ಹಿರಿಯರು ಹೆದರಿದ್ದರು. ಮೇಲಿನ ಒಂದೆರಡು ಅಂಗುಲ ಒಣಗುತ್ತದೆ ನಿಜ, ಆದರೆ ಆ ಸಡಿಲ ಮಣ್ಣೇ ಕೆಳಗಿನ ತೇವಕ್ಕೆ ಮುಚ್ಚಿಗೆ. ವಾರದ ನಂತರ ಬೆರಳಿನಿಂದ ಕೆದಕಿ ತೋರಿಸಿದಾಗ ಒಪ್ಪಿದರು.

ಇದರ ಬಲ ಮುಂದಿನ ಜೋರು ಮಳೆಯವರೆಗೆ ಮಾತ್ರ. ಹೆಂಟೆ ಕರಗಿದರೆ ಮತ್ತೆ ಅದೇ ಕೆಲಸ. ಶೇಂಗಾ ಕಿತ್ತ ಹೊಲ ಬೋಳಾಗುತ್ತದೆ, ಹಿಡಿದಿಡಲು ಬೇರೂ ಇರುವುದಿಲ್ಲ. ಹಾಗಾಗಿ ಆರೇಳು ಸಾಲಿಗೊಂದು ತೊಗರಿ ಹಾಕುತ್ತೇನೆ. ಅರ್ಧ ಹೊಲಕ್ಕೆ ಸಜ್ಜೆ ಬಿತ್ತಿ, ತೆನೆ ಕೊಯ್ದ ಮೇಲೆ ಮೊಳಕಾಲೆತ್ತರದ ಕೂಳೆಯನ್ನು ಮುಂದಿನ ಮುಂಗಾರಿನವರೆಗೂ ಬಿಡುತ್ತೇನೆ. ಕಳೆದ ಆಷಾಢದಲ್ಲಿ ಆ ಭಾಗದಿಂದ ಧೂಳು ಏಳಲಿಲ್ಲ.