ಗೀಟು, ಹೊಸ ಅಂಕಿ, ಸಹಿ: ಡೇಟಾಬೇಸ್ ತಿದ್ದುಪಡಿಗಳ ಇತಿಹಾಸ ಉಳಿಸುವುದು ಹೇಗೆ?

ಹಾಲಿನ ಸಂಘವೊಂದರ ಲೆಕ್ಕ ಇಡುವ ವೆಬ್ ಆ್ಯಪ್ ಇದೆ ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಸದಸ್ಯರೊಬ್ಬರು 6.5 ಲೀಟರ್ ಹಾಲು ಹಾಕಿದರು, ಫ್ಯಾಟ್ 4.3 ಎಂದು ನಮೂದಾಯಿತು. ಬಟವಾಡೆಯ ದಿನ ನೋಡಿದರೆ ಅದೇ ಸಾಲಿನಲ್ಲಿ ಫ್ಯಾಟ್ 3.4 ಎಂದಿದೆ. ತಪ್ಪಾಗಿ ಒತ್ತಿದ್ದ ಅಂಕಿಯನ್ನು ಯಾರೋ ಸರಿ ಮಾಡಿದರೋ, ಸರಿಯಾಗಿದ್ದದ್ದನ್ನೇ ಕೆಡಿಸಿದರೋ? ಟೇಬಲ್‌ನಲ್ಲಿ ಉತ್ತರವಿಲ್ಲ. ಅಪ್‌ಡೇಟ್ ಆದ ಕ್ಷಣದಲ್ಲೇ ಹಳೆಯ ಅಂಕಿ ಅಳಿಸಿಹೋಗಿದೆ. ‘ಕೊನೆಯದಾಗಿ ತಿದ್ದಿದವರು’ ಎಂಬ ಕಾಲಂ ಇಟ್ಟಿದ್ದರೂ ಅದು ಹೇಳುವುದು ಕೊನೆಯವರೊಬ್ಬರ ಹೆಸರನ್ನು ಮಾತ್ರ. ಅವರು ತಿದ್ದಿದ್ದು ಫ್ಯಾಟ್ ಅನ್ನೋ ಲೀಟರನ್ನೋ ಎಂಬುದೂ ತಿಳಿಯುವುದಿಲ್ಲ.

ಕಾಗದದ ಲೆಡ್ಜರ್‌ನಲ್ಲಿ ಈ ತೊಂದರೆ ಇರಲಿಲ್ಲ. ತಪ್ಪಾದ ಅಂಕಿಯ ಮೇಲೆ ಓದಲು ಬರುವಂತೆ ಒಂದು ಗೀಟು, ಮೇಲ್ಗಡೆ ಸರಿಯಾದ ಅಂಕಿ, ಪಕ್ಕದಲ್ಲಿ ಸಹಿ ಮತ್ತು ತಾರೀಖು. ಡೇಟಾಬೇಸ್‌ನಲ್ಲೂ ನಾವು ಮಾಡಬೇಕಾದದ್ದು ಇದನ್ನೇ. ಕಂಪನಿ ಕಾಯ್ದೆಯಡಿ ಬರುವ ಕಂಪನಿಗಳಿಗಂತೂ ಇದು ಕಡ್ಡಾಯ: ಅವರು ಬಳಸುವ ಲೆಕ್ಕಪತ್ರದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ತಾರೀಖು ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಎಲ್ಲಿ ಬರೆಯಬೇಕು?

ಎರಡು ದಾರಿಗಳಿವೆ. ಆ್ಯಪ್‌ನ ಕೋಡ್‌ನಲ್ಲೇ ಬರೆಯುವುದು ಒಂದು. ವೆಬ್ ಆ್ಯಪ್ ಕಟ್ಟುವ ಚೌಕಟ್ಟುಗಳಾದ ರೈಲ್ಸ್‌ಗೆ ಪೇಪರ್‌ಟ್ರೇಲ್, ಜ್ಯಾಂಗೋಗೆ ಸಿಂಪಲ್ ಹಿಸ್ಟರಿ, ಜಾವಾದಿಂದ ಡೇಟಾಬೇಸ್ ಬಳಸಲು ನೆರವಾಗುವ ಹೈಬರ್ನೇಟ್‌ಗೆ ಎನ್ವರ್ಸ್ ಎಂಬ ಸಿದ್ಧ ಲೈಬ್ರರಿಗಳಿವೆ. ಅರ್ಧ ದಿನದಲ್ಲಿ ಜೋಡಿಸಬಹುದು. ಆದರೆ ರೈಲ್ಸ್‌ನ ‘ಅಪ್‌ಡೇಟ್ ಆಲ್’ ಆಗಲಿ, ಜ್ಯಾಂಗೋದ ಕ್ವೆರಿಸೆಟ್ ಮೇಲಿನ ‘ಅಪ್‌ಡೇಟ್’ ಆಗಲಿ ನೇರವಾಗಿ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಆದೇಶ ಭಾಷೆ) ಕಳಿಸುತ್ತವೆ. ಲೈಬ್ರರಿ ಕಾದು ಕುಳಿತಿರುವ ಕಾಲ್‌ಬ್ಯಾಕ್ ಅಥವಾ ಸಿಗ್ನಲ್ (ಸಾಲು ಸೇವ್ ಆಯಿತೆಂದು ತಿಳಿಸುವ ಕರೆ) ಆಗ ಓಡುವುದೇ ಇಲ್ಲ. ಸಾವಿರ ಸಾಲುಗಳ ದರ ಒಂದೇ ಏಟಿಗೆ ಬದಲಾದರೂ ಇತಿಹಾಸದಲ್ಲಿ ಒಂದಕ್ಷರ ಇರುವುದಿಲ್ಲ. ರಾತ್ರಿ ಯಾರೋ ಡೇಟಾಬೇಸ್‌ಗೆ ನೇರವಾಗಿ ಲಾಗಿನ್ ಆಗಿ ತಿದ್ದಿದರೆ ಅದೂ ಸಿಗದು. ಜಗಳ ಹುಟ್ಟುವುದು ಹೆಚ್ಚಾಗಿ ಇಂಥ ತಿದ್ದುಪಡಿಗಳಿಂದಲೇ.

ಹಾಗಾಗಿ ಹಣ, ಅಂಕ, ಅಳತೆ ಇರುವ ಟೇಬಲ್‌ಗಳಿಗೆ ಡೇಟಾಬೇಸ್‌ನ ಒಳಗಿನ ಟ್ರಿಗರೇ (ಸಾಲು ಬದಲಾದಾಗ ಡೇಟಾಬೇಸ್ ತಾನಾಗಿ ಓಡಿಸುವ ಕೋಡ್) ಸರಿ. ಟ್ರಿಗರ್ ಬರೆಯುವ ಸಾಲು ಮೂಲ ತಿದ್ದುಪಡಿಯ ಟ್ರಾನ್ಸಾಕ್ಷನ್‌ನಲ್ಲೇ, ಅಂದರೆ ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಕೆಲಸಗಳ ಗುಂಪಿನಲ್ಲೇ, ಇರುತ್ತದೆ. ಉಳಿದರೆ ಎರಡೂ ಉಳಿಯುತ್ತವೆ, ರೋಲ್‌ಬ್ಯಾಕ್ (ರದ್ದು) ಆದರೆ ಎರಡೂ ಹೋಗುತ್ತವೆ. ಮುಂದಿನ ಹೆಜ್ಜೆಗಳು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಹೊಂದುವಂಥವು.

ಹೆಜ್ಜೆ 1: ಇತಿಹಾಸದ ಟೇಬಲ್

ಎಲ್ಲ ಟೇಬಲ್‌ಗಳಿಗೂ ಸೇರಿ ಒಂದೇ ಇತಿಹಾಸ ಸಾಕು. ಕಾಲಂಗಳು ಇವು: ತಾನಾಗಿ ಏರುವ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ) ಕ್ರಮಸಂಖ್ಯೆ, ಟೇಬಲ್ ಹೆಸರು, ಸಾಲಿನ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಬೆಲೆ, ಟೆಕ್ಸ್ಟ್ ಆಗಿ), ಕ್ರಿಯೆ, ಹಳೆಯ ಸಾಲು, ಹೊಸ ಸಾಲು, ಸಮಯ, ಆ್ಯಪ್ ಬಳಕೆದಾರರ ಐಡಿ, ಡೇಟಾಬೇಸ್ ಲಾಗಿನ್, ಟ್ರಾನ್ಸಾಕ್ಷನ್ ಐಡಿ, ಕಾರಣ. ಹಳೆಯ ಮತ್ತು ಹೊಸ ಸಾಲುಗಳನ್ನು, ಕಾಲಂ ಹೆಸರು ಮತ್ತು ಬೆಲೆಗಳನ್ನು ಜೋಡಿಯಾಗಿ ಉಳಿಸುವ ಜೇಸನ್‌ಬಿ ರೂಪದಲ್ಲಿಡಿ. ಮುಂದೆ ಮೂಲ ಟೇಬಲ್‌ಗೆ ಕಾಲಂ ಸೇರಿಸಿದರೂ ತೆಗೆದರೂ ಇತಿಹಾಸದ ಟೇಬಲ್ ಮುಟ್ಟುವ ಅಗತ್ಯ ಬರುವುದಿಲ್ಲ.

ಸಮಯದ ಕಾಲಂ ಟೈಮ್‌ಸ್ಟಾಂಪ್‌ಟಿಝಡ್ (ಟೈಮ್ ಝೋನ್ ಲೆಕ್ಕಕ್ಕೆ ತೆಗೆದುಕೊಳ್ಳುವ ಸಮಯ) ಆಗಿರಲಿ. ಭಾರತೀಯ ಕಾಲಮಾನಕ್ಕೆ ಬದಲಿಸುವ ಕೆಲಸ ತೆರೆಯ ಮೇಲೆ ತೋರಿಸುವಾಗ ಆಗಲಿ. ಪೋಸ್ಟ್‌ಗ್ರೆಸ್‌ನ ‘ನೌ’ ಫಂಕ್ಷನ್ ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಹೊತ್ತನ್ನು. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಸಾಲನ್ನು ಮೂರು ಸಲ ತಿದ್ದಿದರೆ ಮೂರಕ್ಕೂ ಒಂದೇ ಸಮಯ ಬೀಳುತ್ತದೆ. ನಿಜವಾದ ಗಡಿಯಾರದ ಹೊತ್ತು ಬೇಕಿದ್ದರೆ ‘ಕ್ಲಾಕ್ ಟೈಮ್‌ಸ್ಟಾಂಪ್’ ಬಳಸಿ. ಹಿಂದುಮುಂದಿನ ಕ್ರಮಕ್ಕೆ ಸಮಯವನ್ನು ನೆಚ್ಚಿಕೊಳ್ಳದೆ ಕ್ರಮಸಂಖ್ಯೆಯನ್ನೇ ನೋಡಿ.

ಇತಿಹಾಸದ ಟೇಬಲ್‌ನಿಂದ ಮೂಲ ಟೇಬಲ್‌ಗೆ ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕಟ್ಟುವ ಕೊಂಡಿ) ಹಾಕಲೇಬೇಡಿ. ಹಾಕಿದರೆ ಒಂದೋ ಮೂಲ ಸಾಲನ್ನು ಅಳಿಸಲು ಬಿಡುವುದಿಲ್ಲ, ಇಲ್ಲವೇ ಕ್ಯಾಸ್ಕೇಡ್ ಆಗಿ ಸಾಲಿನ ಜೊತೆ ಅದರ ಇತಿಹಾಸವೂ ಮಾಯ.

ಹೆಜ್ಜೆ 2: ಟ್ರಿಗರ್

ಫಂಕ್ಷನ್ ಚಿಕ್ಕದು. ‘ಓಲ್ಡ್’ ಮತ್ತು ‘ನ್ಯೂ’ ಸಾಲುಗಳನ್ನು ‘ಟು ಜೇಸನ್‌ಬಿ’ ಮೂಲಕ ಪರಿವರ್ತಿಸಿ ಇತಿಹಾಸಕ್ಕೆ ಸೇರಿಸಿದರೆ ಆಯಿತು. ಅದನ್ನು ‘ಆಫ್ಟರ್’ ಟ್ರಿಗರ್ ಆಗಿ, ಪ್ರತಿ ಸಾಲಿಗೂ ಓಡುವಂತೆ ಕಟ್ಟಿ. ಅಪ್‌ಡೇಟ್‌ಗೆ ಒಂದು, ಡಿಲೀಟ್‌ಗೆ ಇನ್ನೊಂದು ಟ್ರಿಗರ್ ಇರಲಿ. ಅಪ್‌ಡೇಟ್ ಟ್ರಿಗರ್‌ಗೆ ‘ಹಳೆಯ ಸಾಲಿಗೂ ಹೊಸ ಸಾಲಿಗೂ ವ್ಯತ್ಯಾಸ ಇದ್ದರೆ ಮಾತ್ರ’ ಎಂಬ ‘ವೆನ್’ ಷರತ್ತು ಹಾಕಿ. ಏನೂ ಬದಲಿಸದೆ ಸೇವ್ ಬಟನ್ ಒತ್ತುವವರು ಎಲ್ಲ ಕಡೆ ಇರುತ್ತಾರೆ. ಷರತ್ತು ಇಲ್ಲದಿದ್ದರೆ ಇತಿಹಾಸದ ತುಂಬ ಹೊಟ್ಟೇ ಸೇರುತ್ತದೆ. ಷರತ್ತಿನಲ್ಲಿ ಈಕ್ವಲ್ ಚಿಹ್ನೆಯ ಹೋಲಿಕೆ ಬೇಡ, ‘ಈಸ್ ಡಿಸ್ಟಿಂಕ್ಟ್ ಫ್ರಮ್’ ಬಳಸಿ. ನಲ್ (ಬೆಲೆಯೇ ಇಲ್ಲದ ಸ್ಥಿತಿ) ಇರುವ ಕಡೆ ಈಕ್ವಲ್ ಹೋಲಿಕೆಯ ಉತ್ತರ ನಲ್ ಆಗಿ, ತಿದ್ದುಪಡಿ ದಾಖಲಾಗದೆ ತಪ್ಪಿಸಿಕೊಳ್ಳುತ್ತದೆ.

ಇನ್ಸರ್ಟ್‌ಗೆ ಬೇಡವೇ? ಹೆಚ್ಚಿನ ಕಡೆ ಬೇಡ. 150 ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ವರ್ಷಕ್ಕೆ 1,09,500 ಸಾಲು. ಅಷ್ಟನ್ನೂ ನಕಲು ಮಾಡಿ ಸಿಗುವುದು ಏನೂ ಇಲ್ಲ. ಮೊದಲ ನಮೂದು ಮೂಲ ಟೇಬಲ್‌ನಲ್ಲೇ ಇದೆ, ಅದನ್ನು ಮೊದಲ ಸಲ ತಿದ್ದಿದಾಗ ‘ಓಲ್ಡ್’ ಆಗಿ ಇತಿಹಾಸಕ್ಕೆ ಬರುತ್ತದೆ.

ಪಾಸ್‌ವರ್ಡ್ ಹ್ಯಾಶ್, ಲಾಗಿನ್ ಟೋಕನ್‌ಗಳು ಮಾತ್ರ ಇತಿಹಾಸಕ್ಕೆ ಹೋಗಬಾರದು. ಜೇಸನ್‌ಬಿಯಿಂದ ಆ ಕೀಗಳನ್ನು ಮೈನಸ್ ಚಿಹ್ನೆಯಿಂದ ಕಳೆದು ಬರೆಯಿರಿ. ಬ್ಯಾಂಕ್ ಖಾತೆ, ಫೋನ್ ನಂಬರ್‌ಗಳ ಹಳೆಯ ಪ್ರತಿ ಎಷ್ಟು ದಿನ ಇರಬೇಕು ಎಂಬುದನ್ನು ಮೊದಲೇ ನಿರ್ಧರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಮೂಲ ಟೇಬಲ್‌ನಿಂದ ಅಳಿಸಿ ಇತಿಹಾಸದಲ್ಲಿ ಉಳಿಸಿಕೊಂಡರೆ ಅಳಿಸಿದಂತಾಗದು.

ಹೆಜ್ಜೆ 3: ಸಹಿ

ಹೆಚ್ಚು ಮಂದಿ ಎಡವುವುದು ಇಲ್ಲಿ. ವೆಬ್ ಆ್ಯಪ್‌ನ ಎಲ್ಲ ಬಳಕೆದಾರರೂ ಡೇಟಾಬೇಸ್‌ಗೆ ಬರುವುದು ಒಂದೇ ಲಾಗಿನ್‌ನಿಂದ. ಟ್ರಿಗರ್‌ಗೆ ಕಾಣುವುದು ಆ ಲಾಗಿನ್ ಮಾತ್ರ. ಆದ್ದರಿಂದ ಪ್ರತಿ ಟ್ರಾನ್ಸಾಕ್ಷನ್ ಶುರುವಾದ ಕೂಡಲೇ ‘ಸೆಟ್ ಕಾನ್ಫಿಗ್’ ಫಂಕ್ಷನ್‌ನಿಂದ ಬಳಕೆದಾರರ ಐಡಿಯನ್ನು ಒಂದು ಸೆಟ್ಟಿಂಗ್‌ನಲ್ಲಿಡಿ, ಟ್ರಿಗರ್ ಒಳಗೆ ‘ಕರೆಂಟ್ ಸೆಟ್ಟಿಂಗ್’ ಮೂಲಕ ಅದನ್ನು ಓದಿ.

ಸೆಟ್ ಕಾನ್ಫಿಗ್‌ನ ಮೂರನೇ ಆರ್ಗ್ಯುಮೆಂಟ್ ‘ಟ್ರೂ’ ಆಗಿರಲೇಬೇಕು; ಆಗ ಆ ಬೆಲೆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮಾತ್ರ ಇರುತ್ತದೆ. ‘ಫಾಲ್ಸ್’ ಎಂದರೆ ಕನೆಕ್ಷನ್ ಇರುವಷ್ಟು ಹೊತ್ತೂ ಅಂಟಿಕೊಂಡಿರುತ್ತದೆ. ಕೆಲವೇ ಕನೆಕ್ಷನ್‌ಗಳನ್ನು ಎಲ್ಲರೂ ಸರದಿಯಲ್ಲಿ ಬಳಸುವ ಕನೆಕ್ಷನ್ ಪೂಲ್‌ನಲ್ಲಿ ಅದೇ ಕನೆಕ್ಷನ್ ಮುಂದಿನ ಕ್ಷಣ ಇನ್ನೊಬ್ಬರ ಕೈಗೆ ಹೋಗಿ, ಅವರ ತಿದ್ದುಪಡಿ ಇವರ ಹೆಸರಿಗೆ ಬೀಳುತ್ತದೆ. ಮಾಡದವರ ಹೆಸರನ್ನು ತೋರಿಸುವ ಇತಿಹಾಸಕ್ಕಿಂತ ಇತಿಹಾಸ ಇಲ್ಲದಿರುವುದೇ ವಾಸಿ.

ಓದುವಾಗಲೂ ಒಂದು ಸೂಕ್ಷ್ಮವಿದೆ. ಕರೆಂಟ್ ಸೆಟ್ಟಿಂಗ್‌ಗೆ ಎರಡನೇ ಆರ್ಗ್ಯುಮೆಂಟ್ ‘ಟ್ರೂ’ ಕೊಡದಿದ್ದರೆ, ಐಡಿ ಇಡದೆ ಬಂದ ಕಡೆ ಎರರ್ ಬಂದು ಮೂಲ ತಿದ್ದುಪಡಿಯೇ ನಿಲ್ಲುತ್ತದೆ. ಕೊಟ್ಟರೂ, ಹಿಂದೊಮ್ಮೆ ಐಡಿ ಇಟ್ಟಿದ್ದ ಕನೆಕ್ಷನ್‌ನಲ್ಲಿ ಟ್ರಾನ್ಸಾಕ್ಷನ್ ಮುಗಿದ ಮೇಲೆ ನಲ್ ಬದಲು ಖಾಲಿ ಸ್ಟ್ರಿಂಗ್ ಸಿಗುತ್ತದೆ. ಅದನ್ನು ‘ನಲ್‌ಇಫ್’ನಿಂದ ನಲ್ ಆಗಿಸಿ, ಆಮೇಲೆ ಇಂಟಿಜರ್ ಮಾಡಿ. ರಾತ್ರಿ ತಾನಾಗಿ ಓಡುವ ಕೆಲಸಗಳಿಗೂ ತಮ್ಮದೇ ಒಂದು ಐಡಿ ಕೊಡಿ. ಕಾಲಂ ಖಾಲಿ ಕಂಡರೆ ಯಾರೋ ನೇರವಾಗಿ ಕೈಹಾಕಿದ್ದಾರೆ ಎಂದು ಆಗಲೇ ಗೊತ್ತಾಗುತ್ತದೆ.

ಕಾರಣವನ್ನೂ ಇದೇ ದಾರಿಯಲ್ಲಿ ಕಳಿಸಬಹುದು. ಫ್ಯಾಟ್, ಲೀಟರ್, ದರದಂಥ ನಾಲ್ಕಾರು ಕಾಲಂಗಳನ್ನು ತಿದ್ದುವಾಗ ಮಾತ್ರ ಕಾರಣ ಕೇಳಿ. ಎಲ್ಲದಕ್ಕೂ ಕೇಳಿದರೆ ಜನ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ.

ಹೆಜ್ಜೆ 4: ಬೀಗ

ಆ್ಯಪ್‌ನ ಲಾಗಿನ್ ಟೇಬಲ್‌ಗಳ ಓನರ್ ಆಗಿರಕೂಡದು. ಓನರ್‌ಗೆ ಟ್ರಿಗರ್ ಆಫ್ ಮಾಡುವ ಅಧಿಕಾರ ಇರುತ್ತದೆ. ಇತಿಹಾಸದ ಮೇಲೆ ಆ ಲಾಗಿನ್‌ಗೆ ಸೆಲೆಕ್ಟ್ ಬಿಟ್ಟು ಬೇರೇನೂ ಕೊಡಬೇಡಿ. ಟ್ರಿಗರ್ ಫಂಕ್ಷನ್ ‘ಸೆಕ್ಯುರಿಟಿ ಡಿಫೈನರ್’ ಆಗಿದ್ದು, ಅದರ ಸರ್ಚ್ ಪಾತ್ ಅನ್ನು (ಟೇಬಲ್ ಹೆಸರುಗಳನ್ನು ಹುಡುಕುವ ಜಾಗಗಳ ಪಟ್ಟಿಯನ್ನು) ಫಂಕ್ಷನ್‌ನಲ್ಲೇ ನಿಗದಿ ಮಾಡಿದರೆ ಓನರ್‌ನ ಹಕ್ಕಿನಲ್ಲಿ ಅದೇ ಬರೆದುಕೊಳ್ಳುತ್ತದೆ. ಆಗ ‘ಕರೆಂಟ್ ಯೂಸರ್’ ಓನರ್‌ನ ಹೆಸರನ್ನು ತೋರಿಸುವುದರಿಂದ, ಡೇಟಾಬೇಸ್ ಲಾಗಿನ್ ಕಾಲಂಗೆ ‘ಸೆಷನ್ ಯೂಸರ್’ ಹಾಕಿ. ಟ್ರಂಕೇಟ್ (ಇಡೀ ಟೇಬಲ್ ಒಮ್ಮೆಲೇ ಖಾಲಿ ಮಾಡುವ) ಹಕ್ಕನ್ನೂ ಹಿಂಪಡೆಯಿರಿ. ಸಾಲುಸಾಲಾಗಿ ಓಡುವ ಟ್ರಿಗರ್‌ಗಳು ಟ್ರಂಕೇಟ್‌ಗೆ ಏಳುವುದಿಲ್ಲ, ಟೇಬಲ್ ಸದ್ದಿಲ್ಲದೆ ಬರಿದಾಗುತ್ತದೆ.

ಬೇರೆ ಡೇಟಾಬೇಸ್ ಬಳಸುವವರಿಗೆ: ಮರಿಯಾಡಿಬಿ 10.3ರಿಂದ, ಎಸ್‌ಕ್ಯೂಎಲ್ ಸರ್ವರ್ 2016ರಿಂದ ಸಾಲಿನ ಹಳೆಯ ಆವೃತ್ತಿಗಳನ್ನು ತಾವೇ ಉಳಿಸುವ ಟೇಬಲ್‌ಗಳಿವೆ. ಅವು ಯಾವಾಗ, ಏನು ಎಂದು ಹೇಳುತ್ತವೆ. ಯಾರು ಎಂಬುದಕ್ಕೆ ಕಾಲಂ ನೀವೇ ಇಡಬೇಕು. ಮೈಎಸ್‌ಕ್ಯೂಎಲ್ 8ರಲ್ಲಿ ಫಾರಿನ್ ಕೀ ಕ್ಯಾಸ್ಕೇಡ್‌ನಿಂದ ಅಳಿಯುವ ಸಾಲುಗಳಿಗೆ ಟ್ರಿಗರ್ ಓಡುವುದಿಲ್ಲ. ಅಲ್ಲಿ ಕ್ಯಾಸ್ಕೇಡ್ ತೆಗೆದು, ಆ ಕೀ ಮೂಲಕ ಮೂಲ ಸಾಲಿಗೆ ಕಟ್ಟಿಕೊಂಡಿರುವ ‘ಮಕ್ಕಳ’ ಸಾಲುಗಳನ್ನು ಮೊದಲು ಬೇರೆ ಡಿಲೀಟ್‌ನಿಂದ ಅಳಿಸಿ.

ಹೆಜ್ಜೆ 5: ತೋರಿಸುವುದು, ಹಿಂದಿರುಗಿಸುವುದು

ಟೇಬಲ್ ಹೆಸರು, ಕೀ, ಕ್ರಮಸಂಖ್ಯೆ ಈ ಮೂರರ ಮೇಲೆ ಒಂದು ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಪಟ್ಟಿ) ಹಾಕಿ. ತೆರೆಯಲ್ಲಿ ಪೂರ್ತಿ ಜೇಸನ್ ಸುರಿಯಬೇಡಿ. ಹಳೆಯದನ್ನೂ ಹೊಸದನ್ನೂ ಹೋಲಿಸಿ, ಬೇರೆಯಾದ ಕಾಲಂ ಮಾತ್ರ ತೋರಿಸಿ: ‘ಫ್ಯಾಟ್: 4.3 ಇದ್ದದ್ದು 3.4. ಬುಧವಾರ ಸಂಜೆ 6.12. ಕಾರಣ: ಯಂತ್ರದ ಚೀಟಿಯಂತೆ.’ ಸಂಘದ ಕಾರ್ಯದರ್ಶಿಗೆ ಬೇಕಿರುವುದು ಇಷ್ಟೇ.

ತಿದ್ದುಪಡಿ ತಪ್ಪೆಂದು ತೀರ್ಮಾನವಾದರೆ ಇತಿಹಾಸದ ಸಾಲನ್ನು ಅಳಿಸಿ ‘ಮೊದಲಿನಂತೆ’ ಮಾಡಲು ಹೋಗಬೇಡಿ. ಹಳೆಯ ಜೇಸನ್‌ನಿಂದ ಬೇಕಾದ ಕಾಲಂ ಮಾತ್ರ ತೆಗೆದು ಮೂಲ ಸಾಲಿಗೆ ಮಾಮೂಲಿ ಅಪ್‌ಡೇಟ್ ಮಾಡಿ. ಇಡೀ ಸಾಲು ಹಿಂದಿರುಗಿಸಿದರೆ ಈ ನಡುವೆ ಬೇರೆಯವರು ಸರಿಯಾಗಿ ತಿದ್ದಿದ್ದ ಲೀಟರ್ ಕೂಡ ಹಿಂದಕ್ಕೆ ಹೋದೀತು. ಆ ಅಪ್‌ಡೇಟ್‌ಗೂ ಟ್ರಿಗರ್ ಓಡಿ, 3.4 ಮತ್ತೆ 4.3 ಆದದ್ದು, ಮಾಡಿಸಿದವರ ಐಡಿ ಮತ್ತು ಕಾರಣ ಸಹಿತ, ಹೊಸ ಸಾಲಾಗಿ ಇತಿಹಾಸಕ್ಕೆ ಸೇರುತ್ತದೆ.